‘ಮದ್ದು ಸಿಗುತ್ತೆ ಕಣೆ’ ಎಂದಿದ್ದೆ

ಭಾನುವಾರ, ಬೆಳಗಿನ ಹತ್ತರ ಹೊತ್ತು. ಹೊಣಕೆರೆ ಹೋಬಳಿಯ ಒಂದು ಊರು, ನಾಗರತ್ನಳ ಮನೆಯ ಜಗಲಿ. ಇದ್ದವರು ನಾಗರತ್ನ, ಅವಳ ಗಂಡ ಶಿವಣ್ಣ, ನಾನು. ಅಲ್ಲಿ ನಾನು ಒಂದು ಸುಳ್ಳು ಹೇಳಿ ಅವಳ ಕೈಯಲ್ಲಿ ಸಹಿ ಹಾಕಿಸಿಕೊಂಡೆ.

ದಿನ, ಹೊತ್ತು, ಇದ್ದವರ ಹೆಸರು — ಹೀಗೆ ಶುರುಮಾಡುವುದು ನನ್ನ ಅಭ್ಯಾಸ. ಸರ್ಕಾರಿ ಆಸ್ಪತ್ರೆಯ ವಾರ್ಡಿನಲ್ಲಿ ಸಿಸ್ಟರ್ ಆಗಿ ಆಯಸ್ಸು ಕಳೆದವಳು ನಾನು. ಡ್ಯೂಟಿ ಒಪ್ಪಿಸುವಾಗ ಏನೊಂದನ್ನೂ ಬಿಡದೆ ಮುಂದಿನವಳಿಗೆ ಹೇಳಿ ಹೊರಡಬೇಕು, ಅದು ನಿಯಮ. ಎಲ್ಲವನ್ನೂ ಒಪ್ಪಿಸಿ ಬಂದವಳು ಆ ಭಾನುವಾರದ್ದನ್ನು ಮಾತ್ರ ಯಾರಿಗೂ ಒಪ್ಪಿಸಲಿಲ್ಲ. ಕೆಲವು ವರ್ಷ ಆಯಿತು. ಈಗ ಒಪ್ಪಿಸುತ್ತಿದ್ದೇನೆ.

ನಿವೃತ್ತಿಯಾಗಿ ಪಾಂಡವಪುರದ ಮನೆಯಲ್ಲಿ ಕುಳಿತ ಮೇಲೆ ನನಗೆ ದಿನ ಸರಿಯುತ್ತಿರಲಿಲ್ಲ. ಐದಕ್ಕೆ ಏಳುವುದು, ಸ್ನಾನ, ಆರಕ್ಕೆ ಕಾಫಿ — ಆಮೇಲೆ? ಆಮೇಲೆ ಏನೂ ಇಲ್ಲ. ಆಗ ಒಂದು ಖಾಸಗಿ ಕ್ಲಿನಿಕ್ಕಿನವರು ಕರೆದರು. ಸಕ್ಕರೆ ಕಾಯಿಲೆಯವರಿಗೆ ಪಾದ ಉರಿಯುತ್ತದಲ್ಲ, ಅದಕ್ಕೊಂದು ಹೊಸ ಮಾತ್ರೆ ಬಂದಿದೆ, ಅದು ಕೆಲಸ ಮಾಡುತ್ತದೋ ಇಲ್ಲವೋ ಎಂದು ಪರೀಕ್ಷಿಸುವ ಅಧ್ಯಯನ ನಡೆಯುತ್ತಿದೆ, ಹಳ್ಳಿಗಳಿಗೆ ಹೋಗಿ ಒಪ್ಪುವವರನ್ನು ಸೇರಿಸಿ ಆಮೇಲೆ ನೋಡಿಕೊಳ್ಳಲು ಜನ ಬೇಕು, ನೀವು ಬನ್ನಿ ಎಂದರು. ಸುತ್ತಲ ತಾಲ್ಲೂಕುಗಳಲ್ಲಿ ನನ್ನನ್ನು ಬಲ್ಲವರು ಬಹಳ. ನಾನು ಹೋದೆ.

ಮೊದಲು ತರಬೇತಿ. ಕಲಿಸುವವಳು ಕವನ, ಕೆ.ಆರ್. ಪೇಟೆಯ ಹುಡುಗಿ, ಅಧ್ಯಯನದ ಮೇಲ್ವಿಚಾರಕಿ. ನನಗೆ ಮಗಳಾಗುವ ವಯಸ್ಸು. ನಾನು ಮುಂದಿನ ಬೆಂಚಿನಲ್ಲಿ ನೆಟ್ಟಗೆ ಕುಳಿತೆ. ವೈದ್ಯಕೀಯ ಪದಗಳು ನನಗೆ ಹೊಸದೇ? ಓ.ಡಿ. ಎಂದರೆ ದಿನಕ್ಕೊಂದು ಸಲ, ಬಿ.ಡಿ. ಎಂದರೆ ಎರಡು, ಟಿ.ಡಿ.ಎಸ್. ಎಂದರೆ ಮೂರು, ಎನ್.ಪಿ.ಓ. ಎಂದರೆ ಬಾಯಿಗೆ ಏನೂ ಕೊಡಬಾರದು. ಇವನ್ನು ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳಬಲ್ಲೆ.

ಆದರೆ ಅವಳು ಬೋರ್ಡಿನ ಮೇಲೆ ಬರೆಯತೊಡಗಿದ್ದು ಬೇರೆಯೇ. ಎ.ಇ. — ಅಡ್ವರ್ಸ್ ಇವೆಂಟ್. ಎಸ್.ಎ.ಇ. — ಅದೇ, ಗಂಭೀರವಾದದ್ದು. ಪಿ.ಐ., ಐ.ಪಿ., ಐ.ಸಿ.ಎಫ್., ಸಿ.ಆರ್.ಎಫ್., ಐ.ಇ.ಸಿ., ಜಿ.ಸಿ.ಪಿ. ಅಕ್ಷರ, ಅಕ್ಷರ, ಬರೀ ಅಕ್ಷರ! ಒಂದನ್ನು ಹಿಡಿದುಕೊಳ್ಳುವಷ್ಟರಲ್ಲಿ ಇನ್ನೊಂದು ಜಾರಿಹೋಗುತ್ತಿತ್ತು. ಪಕ್ಕದಲ್ಲಿದ್ದ ಹುಡುಗಿಯರು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಆರಾಮವಾಗಿದ್ದರು. ನನಗೆ ರೇಗುತ್ತಿತ್ತು. ರೋಗಿಯ ಹಾಸಿಗೆಯ ಪಕ್ಕ ನಿಂತು ಕಲಿತವಳಿಗೆ ಈ ಪುಟ್ಟ ಪುಟ್ಟ ಅಕ್ಷರಗಳ ಮುಂದೆ ತಲೆ ತಗ್ಗಿಸಿ ಕೂರುವ ಗತಿ ಬಂತಲ್ಲ ಎಂದು — ಯಾರ ಮೇಲೆ ರೇಗಿದೆನೋ ಈಗಲೂ ಹೇಳಲಾರೆ. ಅವಳ ಮೇಲೋ, ನನ್ನ ತಲೆಯ ಮೇಲೋ.

ನನಗೆ ಗೊತ್ತಿದ್ದ ದಾರಿ ಒಂದೇ. ಅಡುಗೆಮನೆಯಲ್ಲಿ ಒಲೆಯ ಮೇಲಿನ ಗೋಡೆಗೆ ಆ ಪದಗಳ ಹಾಳೆ ಅಂಟಿಸಿದೆ. ಕುಕ್ಕರು ಕೂಗುವವರೆಗೆ ಒಂದು ಸಾಲು, ರಾಗಿ ಮುದ್ದೆ ತೊಳಸುವಾಗ ಮುಂದಿನ ಸಾಲು. ಮಗ್ಗಿ ಒಪ್ಪಿಸುವ ಹಾಗೆ ದಿನವೂ ಗಟ್ಟಿಯಾಗಿ ಹೇಳಿಕೊಂಡೆ. ವಾರ ಕಳೆಯುವುದರೊಳಗೆ ಇಡೀ ಹಾಳೆ ಬಾಯಿಗೆ ಬಂತು. ಪರೀಕ್ಷೆಯಲ್ಲಿ ನನ್ನದೇ ಮೊದಲ ಸ್ಥಾನ. ಹುಡುಗಿಯರು ಚಪ್ಪಾಳೆ ತಟ್ಟಿದರು.

ಕವನ ತಟ್ಟಲಿಲ್ಲ. ಒಂದು ಕುರ್ಚಿಯನ್ನು ನನ್ನ ಎದುರಿಗೆ ಎಳೆದುಕೊಂಡು ಕೂತಳು.

“ಮೇಡಂ, ಈಗ ನಾನೇ ಪೇಷಂಟು ಅಂದ್ಕೊಳ್ಳಿ. ಹಳ್ಳಿಯವಳು. ನಾನು ಕೇಳ್ತೀನಿ — ‘ಅಮ್ಮಾ, ನಂಗೆ ಆ ಹೊಸ ಮದ್ದು ಸಿಕ್ತದಾ?’ ಏನಂತೀರಿ?”

ನಾನು ಒಂದೇ ಉಸಿರಿನಲ್ಲಿ ಹೇಳಿದೆ: ಇದು ರ‍್ಯಾಂಡಮೈಸ್ಡ್, ಡಬಲ್ ಬ್ಲೈಂಡ್, ಪ್ಲಸೀಬೊ ಕಂಟ್ರೋಲ್ಡ್ ಅಧ್ಯಯನ.

“ಆಹಾ, ನನ್ನ ತಾಯಿ!” ಎಂದು ಅವಳು ಹಳ್ಳಿಯವಳ ಹಾಗೆ ತಲೆಯ ಮೇಲೆ ಕೈ ಇಟ್ಟುಕೊಂಡಳು. ಎಲ್ಲರೂ ನಕ್ಕರು. “ಮಂತ್ರ ಬ್ಯಾಡ ಅಮ್ಮಾ. ಸಿಕ್ತದೋ ಇಲ್ವೋ?”

ಆ ಮೂರು ಪದಗಳ ಅರ್ಥ ನನಗೆ ತಿಳಿಯದೆ ಇರಲಿಲ್ಲ. ಅದನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು, ತಿಳಿಯದೆ ಮಾಡಿದೆ ಎಂದು ಯಾರೂ ನನ್ನ ಪರವಾಗಿ ಮಾತಾಡುವುದು ಬೇಡ. ಸೇರಿದವರಲ್ಲಿ ಅರ್ಧ ಜನಕ್ಕೆ ನಿಜವಾದ ಮದ್ದು, ಅರ್ಧ ಜನಕ್ಕೆ ನೋಡಲು ಹಾಗೇ ಇರುವ, ಮದ್ದೇ ಇಲ್ಲದ ಮಾತ್ರೆ — ಅದೇ ಪ್ಲಸೀಬೊ. ಯಾರಿಗೆ ಯಾವುದೆಂದು ಚೀಟಿ ಎತ್ತಿದ ಹಾಗೆ ಕಂಪ್ಯೂಟರು ಹಂಚುತ್ತದೆ. ಕೊಡುವವರಿಗೂ ಗೊತ್ತಿರುವುದಿಲ್ಲ, ನುಂಗುವವರಿಗೂ ಗೊತ್ತಿರುವುದಿಲ್ಲ. ಇಷ್ಟೇ. ಇಷ್ಟನ್ನು ಕನ್ನಡದಲ್ಲಿ ಹೇಳಬೇಕಿತ್ತು. ಹೇಳಿದರೆ ಕೊನೆಗೆ ಬರುವ ಮಾತು ಒಂದೇ — ನಿನಗೆ ಮದ್ದು ಸಿಗುತ್ತದೋ ಇಲ್ಲವೋ ನನಗೂ ಗೊತ್ತಿಲ್ಲ.

ಆ ಮಾತು ನನ್ನ ಬಾಯಿಂದ ಬರುವುದಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲಿಯೇ ನಮ್ಮ ಮೇಟ್ರನ್ ಕಲಿಸಿದ್ದರು: ರೋಗಿಯ ಮುಂದೆ ‘ಗೊತ್ತಿಲ್ಲ’ ಎನ್ನಬಾರದು, ಅವರ ಎದೆ ಒಡೆಯುತ್ತದೆ. ಸರಿಹೋಗುತ್ತೆ ಅನ್ನು, ನಾನಿದೀನಿ ಅನ್ನು, ಆಮೇಲೆ ಹೊರಗೆ ಹೋಗಿ ಡಾಕ್ಟರನ್ನು ಕೇಳು. ನಾನೂ ನನ್ನ ಕೈಕೆಳಗೆ ಬಂದ ಹುಡುಗಿಯರಿಗೆ ಅದನ್ನೇ ಕಲಿಸಿದೆ. ತಪ್ಪಿ ಆಡಿದವಳನ್ನು ವಾರ್ಡಿನ ಹೊರಗೆ ನಿಲ್ಲಿಸಿದ್ದೂ ಉಂಟು.

ಗೋಡೆಯ ಗಡಿಯಾರ ನೋಡಿದೆ. “ಹನ್ನೊಂದಾಯಿತು. ಟೀ ಹೊತ್ತು,” ಎಂದು ಎದ್ದೆ. ಕವನ ಕುರ್ಚಿಯನ್ನು ವಾಪಸು ಇಟ್ಟಳು. ಹಿರಿಯಳು ಎಂಬ ಮರ್ಯಾದೆ. ಆ ಮರ್ಯಾದೆಯನ್ನು ಬಳಸಿಕೊಂಡೆ ನಾನು.

ಆಮೇಲಿನ ವಾರವೇ ಆ ಭಾನುವಾರ.

ನಾಗರತ್ನಳ ಮಗಳು ಹುಟ್ಟಿದ್ದು ನನ್ನ ಕೈಯಲ್ಲಿ. ಆ ದಿನದಿಂದ ಅವಳಿಗೆ ನಾನು ಸಿಸ್ಟ್ರಮ್ಮ. ಊರಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸ ಅವಳದು. ಬೆಳಗ್ಗೆ, ಸಂಜೆ, ಊರಿನವರೆಲ್ಲ ಕ್ಯಾನು ಹಿಡಿದು ಸಾಲು ನಿಂತಾಗ ಒದ್ದೆ ಸಿಮೆಂಟಿನ ನೆಲದ ಮೇಲೆ ನಿಂತು ಒಬ್ಬೊಬ್ಬರ ಹಾಲನ್ನೂ ನೋಡಿ ಹೇಳಬೇಕು. ನೀರು ಬೆರೆಸಿದವನು ಎಂಥ ದೊಡ್ಡ ಮನೆಯವನಾದರೂ ಅವಳು ಬಿಡುತ್ತಿರಲಿಲ್ಲ. ಊರಿನಲ್ಲಿ ಅವಳಿಗೊಂದು ಬೆಲೆ ಇದ್ದದ್ದು ಆ ಕೆಲಸದಿಂದ. ಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ ಪಾದ ಉರಿಯುತ್ತಿದ್ದರೂ ಅದನ್ನು ಬಿಟ್ಟಿರಲಿಲ್ಲ.

ಒಪ್ಪಿಗೆ ಪತ್ರವನ್ನು ಅವಳು ತಾನೇ ಓದಿದಳು. ಕನ್ನಡದ್ದೇ, ಆದರೆ ಯಾರ ಕನ್ನಡವೋ! ಚೀಟಿ ಎತ್ತಿದ ಹಾಗೆ ಹಂಚುವ ಮಾತಿದ್ದ ಸಾಲಿನ ಮೇಲೆ ಬೆರಳಿಟ್ಟು ನಿಂತಳು.

“ಇದೇನ್ ಸಿಸ್ಟ್ರಮ್ಮ, ‘ಯಾದೃಚ್ಛಿಕವಾಗಿ ಹಂಚಿಕೆ’ ಅಂತ? ನಾಲ್ಗೇನೇ ತಿರುಗಾಕಿಲ್ಲ ನಂಗೆ.”

“ನಿಂಗ್ಯಾಕಮ್ಮಿ ಅದೆಲ್ಲ?” ಎಂದ ಶಿವಣ್ಣ. “ಸಿಸ್ಟ್ರಮ್ಮ ಏಳ್ತಾವ್ರಲ್ಲ, ಆಕು ಸೈನ. ಡೈರಿಲಿ ಊರೋರ ಹಾಲ್ನೆಲ್ಲ ಪರೀಕ್ಸೆ ಮಾಡಿ ಮಾಡಿ ಇಲ್ಲೂ ಶುರು ಅಚ್ಕೊಂಡ್ಳು.”

“ನೀ ಸುಮ್ಕಿರು, ಉರೀತಿರೋದು ನಿನ್ ಕಾಲಲ್ಲ.” ಅವಳು ನನ್ನ ಕಡೆ ತಿರುಗಿದಳು. “ಇವಾಗ ನುಂಗ್ತಿರೋ ಮಾತ್ರೆ ನಿಲ್ಲಿಸ್ಬೇಕು ಅಂತದೆ ಇದ್ರಲ್ಲಿ. ನಮ್ಮಣ್ಣ ಬ್ಯಾರೆ ಮೈಸೂರ್ಗೆ ಬಾ, ದೊಡ್ ಡಾಕ್ಟ್ರಿಗೆ ತೋರುಸ್ತೀನಿ ಅಂತಾವ್ನೆ. ಅಲ್ಗೋಗ್ಲಾ, ಇದ್ಕೆ ಸೇರ್ಕಳ್ಲಾ? ನಂಗೆ ಮದ್ದು ಸಿಕ್ತದೋ ಇಲ್ವೋ, ಅಷ್ಟೇಳ್ಬುಡಿ.”

ಅದೇ ಪ್ರಶ್ನೆ. ಕವನ ಕುರ್ಚಿ ಎಳೆದುಕೊಂಡು ಕೇಳಿದ್ದ ಅದೇ ಪ್ರಶ್ನೆ, ಈಗ ನಿಜವಾದ ಕಾಲು, ನಿಜವಾದ ಉರಿ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ಹೆರಿಗೆಯ ದಿನ ನೋಡಿದ ಹಾಗೆ.

“ಸಿಗುತ್ತೆ ಕಣೆ,” ಎಂದೆ. “ನಾನಿದೀನಲ್ಲ.”

ಅವಳು ಸಹಿ ಹಾಕಿದಳು. ಕಾಫಿ ಕೊಟ್ಟಳು. ಕುಡಿದು ಬಂದೆ.

ಆಮೇಲೆ ನಾನು ಮಾಡಿದ್ದೆಲ್ಲ ಕ್ರಮವಾಗಿತ್ತು. ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ ನಾಗಮಂಗಲದ ಬಸ್ಸು ಹತ್ತುತ್ತಿದ್ದೆ. ಮೇಲುಕೋಟೆಯ ಬೆಟ್ಟ ಎಡಕ್ಕೆ ಸರಿದುಹೋಗುವವರೆಗೆ ಅಂದಿನ ಪಟ್ಟಿಯನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಪ್ರತಿ ಭೇಟಿಯಲ್ಲೂ ಕೇಳಬೇಕಾದ ಪ್ರಶ್ನೆ ಒಂದಿತ್ತು: ಉರಿ ಎಷ್ಟಿದೆ, ಸೊನ್ನೆಯಿಂದ ಹತ್ತರವರೆಗೆ? ಸೊನ್ನೆ ಎಂದರೆ ಇಲ್ಲವೇ ಇಲ್ಲ, ಹತ್ತು ಎಂದರೆ ತಡೆಯಲಾಗದು. ನಾಗರತ್ನ ಮೊದಮೊದಲು ದೊಡ್ಡ ಅಂಕಿ ಹೇಳಿದಳು. ಬರಬರುತ್ತ ಕಡಿಮೆ ಹೇಳಿದಳು. ತೀರಾ ಉರಿದಾಗ ನುಂಗಲು ಬೇರೆ ಮಾತ್ರೆಯನ್ನೂ ಕೊಟ್ಟಿದ್ದೆವು. ಅದನ್ನು ಮುಟ್ಟದೆ ಹಾಗೇ ವಾಪಸು ಕೊಡುತ್ತಿದ್ದಳು. ಅವಳ ಕಣ್ಣಿನ ಕೆಳಗೆ ಕಪ್ಪಾಗಿತ್ತು, ಕೂರುವಾಗ ಕಂಬ ಹಿಡಿದು ಕೂರುತ್ತಿದ್ದಳು. ನೋಡಿದೆ. ವಾರ್ಡಿನಲ್ಲಾಗಿದ್ದರೆ ಬಾಗಿಲಲ್ಲಿ ನಿಂತೇ ಹೇಳುತ್ತಿದ್ದೆ, ಈ ಹೆಂಗಸಿಗೆ ನೋವಿದೆ ಎಂದು. ಆದರೆ ಅವಳು ಹೇಳಿದ ಅಂಕಿ ಚಿಕ್ಕದಿತ್ತು — ನಾನು ಅಂಕಿ ಬರೆದುಕೊಂಡು ಬಂದೆ.

ಮಧ್ಯದಲ್ಲಿ ಒಂದು ದಿನ ಶಿವಣ್ಣ ಹೇಳಿದ, ನಾಗರತ್ನ ಡೈರಿಗೆ ಹೋಗುತ್ತಿಲ್ಲ, ಆ ಕೆಲಸಕ್ಕೆ ಬೇರೆಯವರನ್ನು ಹಾಕಿಕೊಂಡರು ಎಂದು. ಯಾಕೆ ಎಂದೆ. “ನಿಂತ್ಕಳಾಕಾಯ್ತಿರ್ನಿಲ್ಲ ಸಿಸ್ಟ್ರಮ್ಮ. ಕಮಿಟಿಯೋರು ಎಷ್ಟು ದಿಸ ಅಂತ ನೋಡ್ತಾರೆ?” ಎಂದ. ಒಳಗಿನಿಂದ ನಾಗರತ್ನ ಕೂಗಿದಳು: “ಅದ್ಯಾಕೀಗ? ಸುಮ್ನಿರು ನೀನು.” ನಾನೂ ಸುಮ್ಮನಾದೆ. ಎ.ಇ. ಎಂದು ಅಷ್ಟು ಸಲ ಬಾಯಿಪಾಠ ಮಾಡಿದವಳು, ಅಧ್ಯಯನದ ನಡುವೆ ಆದ ಯಾವ ತೊಂದರೆಯನ್ನೂ ಬಿಡದೆ ವರದಿ ಮಾಡಬೇಕೆಂದು ನಿದ್ದೆಯಲ್ಲೂ ಹೇಳುತ್ತಿದ್ದವಳು... ಆ ದಿನ ಮಾಡಲಿಲ್ಲ. ಕೆಲಸ ಬಿಟ್ಟದ್ದು ಅವಳ ಮನೆಯ ವಿಷಯ ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಬೇಕಾಗಿತ್ತು.

ಅಧ್ಯಯನ ಮುಗಿಯಿತು. ಯಾರಿಗೆ ಯಾವ ಮಾತ್ರೆ ಹೋಗಿತ್ತು ಎಂಬುದು ಹೊರಬಿತ್ತು. ಅವರವರಿಗೆ ತಿಳಿಸಿ ಬನ್ನಿ ಎಂದು ಕವನ ನನ್ನ ಪಾಲಿನ ಹೆಸರುಗಳನ್ನು ಕೊಟ್ಟಳು. ನಾಗರತ್ನ ಅಷ್ಟು ತಿಂಗಳು ನುಂಗಿದ್ದು ಮದ್ದಿಲ್ಲದ ಮಾತ್ರೆ.

ಹೋದೆ. “ಮುಗೀತು ಕಣೆ. ಇನ್ನು ಅಣ್ಣನ ಜೊತೆ ಮೈಸೂರಿಗೆ ಹೋಗಿ ತೋರಿಸಿಕೋ,” ಎಂದೆ. ಇನ್ನೇನನ್ನೂ ಹೇಳಲಿಲ್ಲ. ವಾಪಸು ಬಂದು ಕವನಳಿಗೆ ‘ತಿಳಿಸಿದೆ’ ಎಂದೆ. ಮೊದಲ ಸುಳ್ಳು ಬಾಯಿ ತಪ್ಪಿ ಬಂತು ಎಂದಾದರೂ ಅನ್ನಬಹುದು. ಇದನ್ನು ಬಸ್ಸಿನಲ್ಲಿ ಕುಳಿತು ಯೋಚಿಸಿ, ತೂಗಿ ನೋಡಿ ಹೇಳಿದೆ.

ನಾಗರತ್ನ ಮೈಸೂರಿಗೆ ಹೋದಳು. ಅಲ್ಲಿಯ ಮದ್ದಿನಿಂದ ಉರಿ ತಗ್ಗಿತು. ಡೈರಿಯ ಕೆಲಸ ವಾಪಸು ಬರಲಿಲ್ಲ.

ಇದು ಹೀಗೆಯೇ ಮುಚ್ಚಿಹೋಗುತ್ತಿತ್ತೋ ಏನೋ. ಹೋದ ವಾರ ಕವನ ಫೋನು ಮಾಡಿ, ಶ್ರೀರಂಗಪಟ್ಟಣದಲ್ಲಿ ಹೊಸ ಸಿಬ್ಬಂದಿಗೆ ತರಬೇತಿ ಇದೆ, ಪದಗಳನ್ನು ಹೇಗೆ ಕಲಿಯಬೇಕೆಂದು ನೀವೇ ಹೇಳಿಕೊಡಿ ಎಂದಳು. ಇಸ್ತ್ರಿ ಮಾಡಿದ ಸೀರೆಯುಟ್ಟು ಹೊತ್ತಿಗೆ ಮುಂಚೆಯೇ ಹೋದೆ. ಕವನ ನನ್ನನ್ನು ಪರಿಚಯಿಸಿದಳು:

“ಪದ್ಮಾ ಮೇಡಂ ಸೇರಿಸಿದವರಲ್ಲಿ ಒಬ್ಬರಂದ್ರೆ ಒಬ್ಬರೂ ನಡುವೆ ಬಿಟ್ಟು ಹೋಗ್ಲಿಲ್ಲ. ಬೇರೆಯವರು ಸೇರಿಸಿದವರಲ್ಲಿ ಎಷ್ಟೋ ಜನ ಹೋದ್ರು. ಜನ ಇವರನ್ನ ಅಷ್ಟು ನಂಬ್ತಾರೆ.”

ಚಪ್ಪಾಳೆ. ಬೇಕೆಂದಾಗ ಬಿಟ್ಟು ಹೋಗುವ ಹಕ್ಕು ಸೇರಿದ ಪ್ರತಿಯೊಬ್ಬರಿಗೂ ಇದೆ. ಆ ಹಕ್ಕನ್ನು ನಾಗರತ್ನ ಯಾಕೆ ಬಳಸಲಿಲ್ಲ ಎಂದು ಆ ಕೋಣೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಮದ್ದು ಒಳಗೆ ಹೋಗುತ್ತಿದೆ ಎಂದು ನಂಬಿದವಳು ಯಾಕೆ ಬಿಟ್ಟು ಹೋಗುತ್ತಾಳೆ? ನಾನು ಬೋರ್ಡಿನ ಹತ್ತಿರ ಹೋಗಿ ಸೀಮೆಸುಣ್ಣ ತೆಗೆದುಕೊಂಡೆ. ‘ಪ್ಲಸೀಬೊ’ ಎಂದು ಬರೆದೆ. ಹೊಸ ಹುಡುಗಿಯರು ನನ್ನ ಮುಖ ನೋಡುತ್ತ ಕಾದರು. ಸೀಮೆಸುಣ್ಣ ಕೆಳಗಿಟ್ಟೆ. ತಲೆ ಸುತ್ತುತ್ತಿದೆ ಎಂದೆ — ಅದೂ ಇನ್ನೊಂದು ಸುಳ್ಳು — ಬಸ್ಸು ಹಿಡಿದು ಮನೆಗೆ ಬಂದೆ.

ಇವತ್ತೂ ಭಾನುವಾರ. ಬೆಳಗ್ಗೆ ನಾಗರತ್ನಳ ಮನೆಗೆ ಹೋಗಿದ್ದೆ. ಅದೇ ಜಗಲಿ, ಅದೇ ಮೂವರು. ಅವಳು ಅವರೆಕಾಯಿ ಸುಲಿಯುತ್ತಿದ್ದಳು. “ಓಹೋ, ಸಿಸ್ಟ್ರಮ್ಮ! ದಾರಿ ತಪ್ಪಿ ಬಂದ್ರಾ? ಬನ್ನಿ, ಕೂತ್ಕಳಿ,” ಎಂದು ಮೊರ ಸರಿಸಿದಳು. ಕೂರಲಿಲ್ಲ. ನಿಂತೇ ಹೇಳಿದೆ. ಅರ್ಧ ಜನಕ್ಕೆ ಮದ್ದು, ಅರ್ಧ ಜನಕ್ಕೆ ಬರೀ ಮಾತ್ರೆ. ಯಾರಿಗೆ ಯಾವುದೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಬೇಕಿತ್ತು, ಸಿಗುತ್ತೆ ಎಂದೆ. ನಿನಗೆ ಬಂದದ್ದು ಮದ್ದಿಲ್ಲದ್ದು. ಅದು ತಿಳಿದ ಮೇಲೂ ನಿನ್ನಿಂದ ಮುಚ್ಚಿಟ್ಟೆ.

ಎಷ್ಟು ಸುಲಭವಿತ್ತು! ನಾಲ್ಕು ಮಾತು. ತರಬೇತಿಯಲ್ಲಿ, ಜಗಲಿಯಲ್ಲಿ, ಅಷ್ಟು ಭೇಟಿಗಳಲ್ಲಿ ಬಾರದ ಮಾತು ಈಗ ನೀರು ಕುಡಿದ ಹಾಗೆ ಬಂತು. ಈಗ ಬಂದು ಯಾರಿಗೇನು?

ಅವಳ ಕೈ ನಿಂತಿತು. “ಅಂಗಾರೆ ನಾನು ನುಂಗಿದ್ದು ಬರೀ ಹಿಟ್ಟಾ?”

“ಹೂಂ.”

“ಕಾಲು ಬೆಂಕಿ ಬೆಂಕಿ ಆಗ್ತಿತ್ತು ಸಿಸ್ಟ್ರಮ್ಮ ನಂಗೆ. ಒದ್ದೆ ಗೋಣಿಚೀಲ ಸುತ್ಕಂಡು ಮನಿಕತಿದ್ದೆ. ನೀವು ಬಂದು ಎಷ್ಟದೆ ಅಂತ ಕೇಳುದ್ರೆ ನಾಕು ಅಂತಿದ್ದೆ, ಮೂರು ಅಂತಿದ್ದೆ. ಯಾಕ್ ಗೊತ್ತಾ?”

ನನಗೆ ಗೊತ್ತಾಗಲಿಲ್ಲ. ಅಥವಾ ಆ ಕ್ಷಣದಲ್ಲಿ ಗೊತ್ತಾಗಿಬಿಟ್ಟಿತು.

“ಸಿಸ್ಟ್ರಮ್ಮ ಮದ್ದು ಕೊಡ್ಸವ್ರೆ, ಕಮ್ಮಿಯಾಗಿಲ್ಲ ಅಂದ್ರೆ ಅವ್ರಿಗೆ ಕೆಟ್ಟೆಸ್ರು ಬತ್ತದೆ ಅಂತ. ಆ ಇನ್ನೊಂದು ಮಾತ್ರೆನೂ ಅದ್ಕೇ ಮುಟ್ನಿಲ್ಲ. ಮದ್ದು ಒಳ್ಗದೆ, ನನ್ ಮೈಯೇ ಸರಿಯಿಲ್ಲ ಅನ್ಕಂಡಿದ್ದೆ. ಡೈರಿಯೋರು ಬ್ಯಾರೆಯೋರ್ನ ಆಕೊಂಡಾಗ್ಲೂ ನಿಮ್ಗೇಳ್ಬ್ಯಾಡ ಅಂತ ಇವ್ನ ಬಾಯಿ ಮುಚ್ಚುಸ್ದೆ.”

ಶಿವಣ್ಣ ಎದ್ದು, “ಆಗೋಗದ್ದು ಬುಡು. ಕಾಪಿ ಕಾಯುಸ್ತೀನಿ ಇರಿ,” ಎಂದು ಒಳಗೆ ಹೊರಟ.

“ಕಾಪಿ ಬ್ಯಾಡ,” ಎಂದಳು ನಾಗರತ್ನ. ದನಿ ಏರಿಸಲಿಲ್ಲ. “ಸಿಸ್ಟ್ರಮ್ಮ ಒಂಟವ್ರೆ.”

ಹೊರಟೆ. ಆ ಮನೆಯಿಂದ ಕಾಫಿ ಕುಡಿಯದೆ ಹೊರಟದ್ದು ಅದೇ ಮೊದಲು.

ದಾರಿಯುದ್ದಕ್ಕೂ ನನಗೆ ರೇಗಿತ್ತು, ಈ ಸಲ ಯಾರ ಮೇಲೆ ಎಂದು ಹುಡುಕಬೇಕಾಗಿರಲಿಲ್ಲ. ನನ್ನ ಸುಳ್ಳನ್ನು ಕಾಪಾಡಲು ಅವಳು ತನ್ನ ನೋವಿನ ಬಗ್ಗೆ ಸುಳ್ಳು ಹೇಳಿದಳು. ಆ ಸುಳ್ಳು ಅಂಕಿಯನ್ನು ನಾನು ಅಚ್ಚುಕಟ್ಟಾಗಿ ಬರೆದು ಕಳಿಸಿದೆ. ಯಾರೋ ಎಲ್ಲೋ ಅದನ್ನು ಕೂಡಿ ಕಳೆದು, ಮದ್ದಿಲ್ಲದ ಮಾತ್ರೆಯಿಂದಲೂ ಇಷ್ಟು ಗುಣವಾಯಿತು ಎಂದುಕೊಂಡಿರುತ್ತಾರೆ. ಇನ್ನು ಎಷ್ಟು ಮನೆಗಳಲ್ಲಿ ಹೀಗೆ ನನ್ನ ಮುಖ ನೋಡಿ ಕಡಿಮೆ ಹೇಳಿದರೋ... ಬೇರೆ ಮನೆಗಳಲ್ಲಿ ಏನೆಂದಿದ್ದೆ? ‘ನಾನಿದೀನಲ್ಲ’ ಎಂದದ್ದಂತೂ ಎಲ್ಲ ಕಡೆ.

ಮನೆಗೆ ಬಂದು ಕೈಕಾಲು ತೊಳೆದು ಕವನಳಿಗೆ ಫೋನು ಮಾಡಿದೆ. ಎಲ್ಲ ಹೇಳಿದೆ. ಯಾವ ಊರು, ಯಾವ ದಿನ ಎಂದು ಅವಳು ಕೇಳಿ ಬರೆದುಕೊಂಡಳು. ಆಮೇಲೆ, “ಬರೆದು ಕೊಡಿ ಮೇಡಂ. ಅಧ್ಯಯನದ ಡಾಕ್ಟರಿಗೂ ಕೊಡ್ಬೇಕು, ಇಂಥದ್ದನ್ನ ವಿಚಾರಿಸೋ ನೀತಿ ಸಮಿತಿಗೂ ಕೊಡ್ಬೇಕು. ನೀವು ಹೋದ ಪ್ರತಿ ಮನೆಗೂ ನಾವು ಮತ್ತೆ ಹೋಗ್ಬೇಕಾಗುತ್ತೆ,” ಎಂದಳು. ಟೀ ಹೊತ್ತಾಯಿತು ಎಂದು ಏಳಲು ಈ ಸಲ ನನಗೆ ಜಾಗವಿರಲಿಲ್ಲ. ಏಳಬೇಕೆನಿಸಲೂ ಇಲ್ಲ. “ನಾನೂ ಜೊತೆಗೆ ಬರಲೇ?” ಎಂದೆ. “ಬೇಡ ಮೇಡಂ,” ಎಂದಳು. “ನೀವಿದ್ರೆ ಅವರು ನಿಜ ಹೇಳಲ್ಲ.”

ಊಟ ಮಾಡದೆ ಬರೆಯಲು ಕುಳಿತೆ. ಅಡುಗೆಮನೆಯ ಮೇಜಿನ ಮೇಲೆ, ಒಲೆಯ ಎದುರಿಗೆ. ಗೋಡೆಯಲ್ಲಿ ಆ ಹಾಳೆ ಇನ್ನೂ ಇದೆ, ಒಗ್ಗರಣೆಯ ಹೊಗೆಗೆ ಅಕ್ಷರಗಳು ಕಂದಿವೆ. ಒಂದು ಅಕ್ಷರವನ್ನೂ ಅದರಿಂದ ತೆಗೆದುಕೊಳ್ಳಲಿಲ್ಲ. ದಿನ, ಹೊತ್ತು, ಇದ್ದವರ ಹೆಸರು. ಅವಳು ಕೇಳಿದ್ದು, ನಾನು ಹೇಳಿದ್ದು, ಆಮೇಲೆ ಮುಚ್ಚಿಟ್ಟದ್ದು, ಅವಳ ಕೆಲಸ ಹೋದದ್ದು, ಅಂಕಿಗಳು ಸುಳ್ಳಾದದ್ದು. ನಾಗರತ್ನ ಓದಿದರೆ ಯಾವ ಸಾಲಿನ ಮೇಲೂ ಬೆರಳಿಟ್ಟು ಇದೇನು ಎಂದು ಕೇಳಬೇಕಾಗದ ಹಾಗೆ ಬರೆದೆ. ಅವಳಿಗೂ ಒಂದು ಪ್ರತಿ ಬರೆದೆ.

ಮುಗಿಸಿ ತಲೆ ಎತ್ತಿದಾಗ ಸಂಜೆಯ ಹಾಲಿನ ಹೊತ್ತು. ನಮ್ಮ ಬೀದಿಯಲ್ಲೂ ಜನ ಕ್ಯಾನು ಹಿಡಿದು ಡೈರಿಯ ಕಡೆ ಹೋಗುತ್ತಿದ್ದರು. ಅಲ್ಲಿ, ಅವಳ ಊರಿನಲ್ಲಿ, ಒದ್ದೆ ನೆಲದ ಮೇಲೆ ಬೇರೆ ಯಾರೋ ನಿಂತಿರುತ್ತಾರೆ.

ಸ್ಟೂಲು ಹತ್ತಿ ಗೋಡೆಯ ಹಾಳೆಯನ್ನು ಕಿತ್ತೆ. ಡಾಕ್ಟರಿಗೊಂದು, ಸಮಿತಿಗೊಂದು, ನಾಗರತ್ನಳಿಗೊಂದು — ಮೂರು ಲಕೋಟೆಗಳಿಗೂ ಅಂಟು ಹಚ್ಚಿ ಮುಚ್ಚಿದೆ.